ಚಿತ್ರ ಸಂತೆಗೆ ಹೋಗುವವರ ಚೀಲದಲ್ಲಿ ಏನಿರಬೇಕು

ಮಾನ್ಯ ಸಂಪಾದಕರೇ,

ಹೊಸ ವರ್ಷದ ಮೊದಲ ಭಾನುವಾರದ ಆಸುಪಾಸಿನಲ್ಲಿ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ, ಕಲಾವಿದರು ಬೀದಿಯಲ್ಲೇ ತಮ್ಮ ಚಿತ್ರಗಳನ್ನಿಟ್ಟು ಮಾರುವ ಚಿತ್ರ ಸಂತೆ ನಡೆಯುತ್ತದೆ. ಮರುದಿನದ ಪತ್ರಿಕೆಗಳಲ್ಲಿ ಅದರ ವರದಿ ಹೆಚ್ಚುಕಡಿಮೆ ಒಂದೇ ಅಚ್ಚಿನದು. ಹರಿದು ಬಂದ ಜನಸಾಗರ, ಉದ್ಘಾಟಿಸಿದವರ ಮಾತು, ಕೆನ್ನೆಗೆ ಬಣ್ಣ ಬರೆಸಿಕೊಂಡ ಮಗುವಿನ ಫೋಟೊ, ಕೊನೆಗೆ ಇಷ್ಟು ಕೋಟಿ ವಹಿವಾಟು ಎಂಬ ಸಾಲು. ಹೋದವರು ಅಲ್ಲಿ ಚಿತ್ರವನ್ನು ಹೇಗೆ ನೋಡಬೇಕು, ಏನು ಕೇಳಬೇಕು, ಕೊಂಡದ್ದನ್ನು ಕೆಡದಂತೆ ಮನೆ ಮುಟ್ಟಿಸುವುದು ಹೇಗೆ ಎಂಬುದು ಮಾತ್ರ ಎಲ್ಲೂ ಬರುವುದಿಲ್ಲ. ಸಂತೆ ಮುಗಿದ ವಾರ ನಗರದ ಫ್ರೇಮ್ ಅಂಗಡಿಗಳಿಗೆ ಏನೇನು ಬರುತ್ತದೆ ನೋಡಿ: ನಾಲ್ಕಾಗಿ ಮಡಿಚಿ ಬಣ್ಣ ಬಿರಿದ ಕ್ಯಾನ್ವಾಸ್, ಬಬಲ್ ಶೀಟಿನ ಗುಳ್ಳೆಗಳು ಅಚ್ಚೊತ್ತಿದ ಅಕ್ರಿಲಿಕ್ ಚಿತ್ರ, ರಬ್ಬರ್ ಬ್ಯಾಂಡ್ ಬಿಗಿದು ನಡು ಮುರಿದ ಜಲವರ್ಣ. ಇವು ಯಾವುವೂ ಕಲಾವಿದರ ತಪ್ಪಲ್ಲ. ಮಳಿಗೆಗೂ ಮನೆಯ ಗೋಡೆಗೂ ನಡುವೆ ಆಗುವ ಅನಾಹುತಗಳು. ಅದಕ್ಕಾಗಿ ಈ ಪತ್ರ. ಉದ್ದವಾಗಿದೆ, ಕ್ಷಮಿಸಿ, ಸಾಧ್ಯವಾದರೆ ಸಂತೆಗೆ ಮೊದಲೇ ಪ್ರಕಟಿಸಿ.

ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಹೋಗುವ ಜನರನ್ನು ಗಮನಿಸಿ. ಒಂದು ಕಾಯಿ ಬಿಡಿಸಿ ಬೀಜ ಬಾಯಿಗೆ ಹಾಕಿಕೊಳ್ಳದೆ ಸೇರು ಅಳೆಸಿಕೊಳ್ಳುವವರಿಲ್ಲ. ಹಸಿಯೋ ಹುರಿದದ್ದೋ, ಎರಡು ಬೀಜದ್ದೋ ಮೂರು ಬೀಜದ್ದೋ, ಯಾವ ಊರಿನದು, ಎಲ್ಲ ವಿಚಾರಿಸಿಯೇ ಚೀಲ ಒಡ್ಡುತ್ತಾರೆ. ಅದೇ ಜನ ಚಿತ್ರ ಸಂತೆಯಲ್ಲಿ ರಸ್ತೆಯ ನಡುವೆ ಮೆರವಣಿಗೆಯಂತೆ ಸಾಗಿ, ನಾಲ್ಕು ಸೆಲ್ಫಿ ತೆಗೆದು, ಜೋಳ ತಿಂದು ಹಿಂತಿರುಗುತ್ತಾರೆ. ಆಸಕ್ತಿ ಇಲ್ಲವೆಂದಲ್ಲ, ‘ನಮಗೇನು ಗೊತ್ತಾಗುತ್ತೆ’ ಎಂಬ ಅಂಜಿಕೆ. ಆದರೆ ಹೆಸರೇ ಹೇಳುವಂತೆ ಅದು ಸಂತೆ. 1960ರಲ್ಲಿ ಹುಟ್ಟಿದ ಕರ್ನಾಟಕ ಚಿತ್ರಕಲಾ ಪರಿಷತ್ತು ಎರಡು ದಶಕಗಳಿಂದ ಇದನ್ನು ಬೀದಿಯಲ್ಲಿ ನಡೆಸಿಕೊಂಡು ಬಂದಿರುವುದೇ, ಗ್ಯಾಲರಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿಯುವವರೂ ಬಂದು ಕೈಯಲ್ಲಿ ಹಿಡಿದು ನೋಡಿ ಕೊಳ್ಳಲಿ ಎಂದು. ಕೆಲವು ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷಗಳ ಕ್ಯಾನ್ವಾಸಿನವರೆಗೂ ಒಂದೇ ಫುಟ್‌ಪಾತಿನಲ್ಲಿ ಸಿಗುವ ಜಾಗ ಈ ಊರಿನಲ್ಲಿ ಬೇರೆ ಇಲ್ಲ.

ತಯಾರಿ ಹಿಂದಿನ ರಾತ್ರಿ ಮನೆಯಲ್ಲೇ ಆಗಬೇಕು. ಚಿತ್ರ ತೂಗುಹಾಕುವ ಗೋಡೆಯ ಅಗಲ, ಎತ್ತರ ಅಳೆದು ಬರೆದುಕೊಳ್ಳಿ. ಸೋಫಾದ ಮೇಲಾದರೆ ಸೋಫಾದ ಬೆನ್ನಿನಿಂದ ಮೇಲಕ್ಕೆ ಎಷ್ಟು ಜಾಗ ಉಳಿಯುತ್ತದೆ ನೋಡಿ. ಗೋಡೆಯ ಒಂದು ಫೋಟೊ ಫೋನಿನಲ್ಲಿರಲಿ. ಬಯಲಿನಲ್ಲಿ ಚಿತ್ರಗಳೆಲ್ಲ ಚಿಕ್ಕದಾಗಿ ಕಾಣುತ್ತವೆ. ಬೀದಿಯಲ್ಲಿ ‘ಪರವಾಗಿಲ್ಲ, ಸಣ್ಣದೇ’ ಅನ್ನಿಸಿದ ಮೂರಡಿ ಕ್ಯಾನ್ವಾಸ್ ಹತ್ತಡಿ ಕೋಣೆಯಲ್ಲಿ ಗೋಡೆಯನ್ನೇ ನುಂಗುತ್ತದೆ. ಚೀಲದಲ್ಲಿ ಇರಬೇಕಾದ್ದು ಇಷ್ಟು: ದರ್ಜಿಯ ಟೇಪು, ಎರಡು ಗಟ್ಟಿ ರಟ್ಟು (ಹದಿನೈದು ಅಂಗುಲಕ್ಕೆ ಇಪ್ಪತ್ತೆರಡಂಗುಲಕ್ಕಿಂತ ತುಸು ದೊಡ್ಡದಿದ್ದರೆ ಅರ್ಧ ಹಾಳೆಯ ಜಲವರ್ಣಗಳೆಲ್ಲ ಹಿಡಿಸುತ್ತವೆ), ನಾಲ್ಕು ಹಾಳೆ ಬಟರ್ ಪೇಪರ್, ಬಟ್ಟೆಯ ರಿಬ್ಬನ್ನು ಇಲ್ಲವೇ ಹಳೆಯ ಸೀರೆ ಅಂಚು, ನೀರು, ಟೋಪಿ, ಸ್ವಲ್ಪ ನಗದು. ನಗದು ಯಾಕೆಂದರೆ ಅಷ್ಟು ಜನ ಒಂದೇ ರಸ್ತೆಯಲ್ಲಿ ಸೇರಿದಾಗ ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ನೆಟ್‌ವರ್ಕ್ ಉಸಿರುಗಟ್ಟುತ್ತದೆ. ಯುಪಿಐ ಚಕ್ರ ತಿರುಗುತ್ತಲೇ ಇರುತ್ತದೆ. ಹಣ ಹೋಯಿತೋ ಇಲ್ಲವೋ ಎಂದು ಇಬ್ಬರೂ ಮುಖ ಮುಖ ನೋಡಿಕೊಂಡು ನಿಲ್ಲಬೇಕಾಗುತ್ತದೆ.

ಆ ದಿನ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಕಾರು ತಂದವರು ಅಕ್ಕಪಕ್ಕದ ಬೀದಿಗಳಲ್ಲಿ ಸುತ್ತಿ ಸುತ್ತಿ ಅರ್ಧ ಬೆಳಿಗ್ಗೆ ಕಳೆಯುತ್ತಾರೆ. ಹಸಿರು ಮಾರ್ಗದ ಮಂತ್ರಿ ಸ್ಕ್ವೇರ್ ಸಂಪಿಗೆ ರಸ್ತೆ ಮೆಟ್ರೊ ನಿಲ್ದಾಣದಲ್ಲಿಳಿದು ಶೇಷಾದ್ರಿಪುರದ ಕಡೆಯಿಂದ ಶಿವಾನಂದ ವೃತ್ತಕ್ಕೆ ನಡೆದು ಬರುವುದು ಸುಲಭ. ಬೆಳಿಗ್ಗೆ ಎಂಟೂವರೆಯಿಂದ ಹತ್ತೂವರೆಯೊಳಗೆ ಬಂದರೆ ಕಲಾವಿದರಿಗೆ ಮಾತಾಡಲು ಪುರುಸೊತ್ತಿರುತ್ತದೆ, ಬೆಳಕು ಓರೆಯಾಗಿರುತ್ತದೆ, ಒಳ್ಳೆಯ ಚಿಕ್ಕ ಚಿತ್ರಗಳು ಇನ್ನೂ ಮಾರಾಟವಾಗಿರುವುದಿಲ್ಲ. ಹನ್ನೊಂದರ ಮೇಲೆ ನಿಲ್ಲಲು ಜಾಗವಿಲ್ಲ. ಎರಡೂ ಬದಿಯನ್ನು ಒಟ್ಟಿಗೆ ನೋಡುವ ಆಸೆಗೆ ಅತ್ತಿತ್ತ ಹಾಯಬೇಡಿ. ಒಂದು ಬದಿಯಲ್ಲೇ ವಿಂಡ್ಸರ್ ಮ್ಯಾನರ್ ತುದಿಯವರೆಗೆ ಹೋಗಿ, ಇನ್ನೊಂದು ಬದಿಯಲ್ಲಿ ಹಿಂತಿರುಗಿ. ಮೊದಲ ಸುತ್ತಿನಲ್ಲಿ ಏನೂ ಕೊಳ್ಳದೆ, ಹಿಡಿಸಿದ ಮಳಿಗೆಯ ಸಂಖ್ಯೆ ಮಾತ್ರ ಬರೆದುಕೊಳ್ಳಿ. ‘ಆ ದೊಡ್ಡ ಮರದ ಹತ್ತಿರ’ ಎಂದು ನೆನಪಿಟ್ಟುಕೊಂಡರೆ ಪ್ರಯೋಜನವಿಲ್ಲ, ಆ ರಸ್ತೆಯಲ್ಲಿ ಎಲ್ಲವೂ ದೊಡ್ಡ ಮರಗಳೇ.

ಇನ್ನು ನೋಡುವ ವಿಚಾರ. ಪರಿಷೆಯಲ್ಲಿ ಬೀಜ ಬಾಯಿಗೆ ಹಾಕಿಕೊಂಡ ಹಾಗೆ ಚಿತ್ರಕ್ಕೂ ಒಂದು ಪರೀಕ್ಷೆ ಇದೆ. ಎದುರಿಗೆ ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿದು, ಚಿತ್ರದ ಮೇಲ್ಮೈ ಮೇಲೆ ಬೆಳಕು ಓರೆಯಾಗಿ ಜಾರುವ ಕೋನದಿಂದ ನೋಡಿ. ಕೈಯಿಂದ ಬರೆದದ್ದಾದರೆ ಬಣ್ಣದ ಏರುತಗ್ಗು ಚಿತ್ರದ ಗೆರೆಯ ಜೊತೆಗೇ ಓಡುತ್ತದೆ: ಎಲೆಯಿದ್ದ ಕಡೆ ಕುಂಚ ಎಲೆಯಂತೆ ತಿರುಗಿರುತ್ತದೆ. ಕ್ಯಾನ್ವಾಸ್ ಮೇಲೆ ಡಿಜಿಟಲ್ ಪ್ರಿಂಟ್ ಹೊಡೆಸಿ, ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗುರುತು ಮೂಡಿಸಿದ್ದರೆ ಏರುತಗ್ಗು ಒಂದು ದಾರಿ, ಚಿತ್ರ ಇನ್ನೊಂದು ದಾರಿ. ಅನುಮಾನ ಬಂದರೆ ಕೇಳಿಕೊಂಡು ಫೋನಿನ ಕ್ಯಾಮೆರಾ ಹತ್ತಿರ ಹಿಡಿದು ದೊಡ್ಡದು ಮಾಡಿ ನೋಡಿ. ಪ್ರಿಂಟ್ ಆದರೆ ಸಣ್ಣ ಸಣ್ಣ ಬಣ್ಣದ ಚುಕ್ಕೆಗಳ ಧೂಳು ಕಾಣುತ್ತದೆ. ಪ್ರಿಂಟ್ ಮಾರುವುದು ತಪ್ಪೇನಲ್ಲ, ಅದು ಪ್ರಿಂಟ್ ಎಂದು ಹೇಳಿ ಪ್ರಿಂಟಿನ ಬೆಲೆಗೆ ಮಾರಿದರೆ. 2021ರಲ್ಲಿ ಕೊರೊನಾ ಕಾರಣಕ್ಕೆ ಸಂತೆ ಆನ್‌ಲೈನ್‌ನಲ್ಲಿ ನಡೆದಾಗ ಇಲ್ಲವಾಗಿದ್ದು ಈ ಓರೆನೋಟವೇ. ಪರದೆಯ ಮೇಲೆ ಎಲ್ಲ ಚಿತ್ರಗಳ ಚರ್ಮವೂ ಒಂದೇ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಎಚಿಂಗ್, ಮರದಚ್ಚು, ಲಿಥೊಗ್ರಾಫ್ ಇವನ್ನೂ ‘ಪ್ರಿಂಟ್’ ಎಂದೇ ಕರೆಯುತ್ತಾರೆ, ಆದರೆ ಇವು ಕಲಾವಿದರೇ ಫಲಕ ಸಿದ್ಧಪಡಿಸಿ, ಶಾಯಿ ಬಳಿದು, ಒಂದೊಂದಾಗಿ ಒತ್ತಿದ ಮೂಲ ಕೃತಿಗಳು. ಕೆಳಗೆ ಪೆನ್ಸಿಲಿನಲ್ಲಿ 5/20 ಎಂದಿದ್ದರೆ ಒಟ್ಟು ಇಪ್ಪತ್ತು ಪ್ರತಿಯಲ್ಲಿ ಇದು ಐದನೆಯದು ಎಂದರ್ಥ. ತಾಮ್ರದ ಇಲ್ಲವೇ ಸತುವಿನ ಫಲಕದಿಂದ ಒತ್ತಿದ ಎಚಿಂಗ್ ಆದರೆ ಫಲಕದ ಅಂಚು ಕಾಗದದಲ್ಲಿ ತಗ್ಗಾಗಿ ಕೂತಿರುವುದು ಬೆರಳಿಲ್ಲದೆ ಕಣ್ಣಿಗೇ ಗೊತ್ತಾಗುತ್ತದೆ. ಕಲಾಶಾಲೆಗಳ ವಿದ್ಯಾರ್ಥಿಗಳು ತರುವ ಇಂಥ ಕೃತಿಗಳು ಸಂತೆಯಲ್ಲಿ ಕಡಿಮೆ ಬೆಲೆಗೆ ಸಿಗುವ ಅತ್ಯಂತ ಒಳ್ಳೆಯ ಸರಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬಣ್ಣಬಣ್ಣದ ಕುದುರೆಗಳ ಕ್ಯಾನ್ವಾಸ್ ಮುಂದೆ ಗುಂಪು ಕಟ್ಟುವ ಜನ ಇವುಗಳ ಮುಂದೆ ನಿಲ್ಲುವುದೂ ಇಲ್ಲ.

ಚಿತ್ರ ಹಿಡಿಸಿದರೆ ಅದನ್ನು ತಿರುಗಿಸಿ ಬೆನ್ನು ತೋರಿಸಲು ಕೇಳಿ. ಕ್ಯಾನ್ವಾಸ್ ಬೆನ್ನು ಎಲ್ಲ ಹೇಳುತ್ತದೆ. ಬಣ್ಣ ಹಿಂದಕ್ಕೆ ಸೋರಿ ಕಲೆಯಾಗಿದ್ದರೆ ಬಟ್ಟೆಗೆ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಸರಿಯಾಗಿ ಕೂತಿಲ್ಲ. ಬಟ್ಟೆ ಬಿಗಿದ ಚೌಕಟ್ಟಿನ ಮರದಲ್ಲಿ ಗುಂಡುಸೂಜಿ ತಲೆಯಷ್ಟು ತೂತು, ಅದರ ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಮರಕ್ಕೆ ಹುಳು ಹೊಡೆದಿದೆ. ಚಿತ್ರ ಕೊಳ್ಳಿ, ಮನೆಗೆ ಒಯ್ಯುವ ಮೊದಲು ಆ ಮರ ಬದಲಾಯಿಸಿ. ಮೂಲೆಯಲ್ಲಿ ಸಣ್ಣ ಮರದ ಬೆಣೆಗಳಿದ್ದರೆ ಒಳ್ಳೆಯದು, ಮಳೆಗಾಲದಲ್ಲಿ ಬಟ್ಟೆ ಸಡಿಲವಾದಾಗ ಅವನ್ನು ಮೆಲ್ಲಗೆ ಬಡಿದು ಬಿಗಿ ಮಾಡಬಹುದು. ಜಲವರ್ಣವಾದರೆ ಯಾವ ಕಾಗದ ಎಂದು ಕೇಳಿ. ಹತ್ತಿಯ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಕಾಗದ ದಶಕಗಳ ಕಾಲ ಬಾಳುತ್ತದೆ. ಸಾಮಾನ್ಯ ಡ್ರಾಯಿಂಗ್ ಹಾಳೆ, ಚಾರ್ಟ್ ಪೇಪರ್ ಕೆಲವೇ ವರ್ಷದಲ್ಲಿ ಹಳದಿಯಾಗಿ ಪುಡಿಯಾಗುತ್ತದೆ. ತೈಲವರ್ಣವಾದರೆ ಬರೆದು ಎಷ್ಟು ದಿನವಾಯಿತು ಎಂದು ಕೇಳಿ. ಸಂತೆಗಾಗಿ ಹಿಂದಿನ ವಾರವಷ್ಟೇ ಮುಗಿಸಿದ ದಪ್ಪ ಬಣ್ಣದ ಚಿತ್ರ ಮೇಲೆ ಒಣಗಿದಂತಿದ್ದರೂ ಒಳಗೆ ಹಸಿ; ಸುರುಳಿ ಸುತ್ತಲೂ ಬಾರದು, ಮುಖಕ್ಕೆ ಏನನ್ನೂ ಒತ್ತಲೂ ಬಾರದು. ಅದಕ್ಕೆ ವಾರ್ನಿಷ್ ಹೊಡೆಯಲು ಆರು ತಿಂಗಳಾದರೂ ಕಾಯಬೇಕು.

ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳ ಬಗ್ಗೆ ಬಿಡಿಸಿ ಹೇಳಬೇಕು, ಏಕೆಂದರೆ ಸಂತೆಯಲ್ಲಿ ಹೆಚ್ಚು ಹಣ ಕೊಟ್ಟು ಹೆಚ್ಚು ಮೋಸ ಹೋಗುವುದು ಇಲ್ಲೇ. ಭೌಗೋಳಿಕ ಸೂಚಿಕೆ ಪಡೆದ ಈ ಶೈಲಿಯಲ್ಲಿ ಆಭರಣ, ಕಿರೀಟ, ಕಂಬಗಳ ಭಾಗವನ್ನು ಮಕ್ಕಿ ಸಫೇದದಂಥ ಬಿಳಿ ಪುಡಿಗೆ ಅಂಟು ಸೇರಿಸಿದ ಗೆಸ್ಸೋದಿಂದ ತುಸುವೇ ಉಬ್ಬಿಸಿ, ಅದರ ಮೇಲೆ ಚಿನ್ನದ ರೇಕು ಕೂಡಿಸುತ್ತಾರೆ. ಉಬ್ಬು ಎಷ್ಟು ತೆಳುವಾಗಿ, ಎಷ್ಟು ಸಣ್ಣ ಗೆರೆಯಾಗಿ ಬಂದಿದೆ ಎಂಬುದರಲ್ಲೇ ಕೈಚಳಕ ಇರುವುದು. ದಪ್ಪಗೆ ಉಬ್ಬಿಸಿ, ಗಾಜಿನ ಹರಳು ಕೂಡಿಸಿದ್ದರೆ ಅದು ತಂಜಾವೂರು ರೀತಿ. ಅದೂ ಚೆಂದವೇ, ಆದರೆ ಮೈಸೂರಿನದಲ್ಲ. ರೇಕು ಅಸಲಿ ಚಿನ್ನದ್ದೋ ಹಿತ್ತಾಳೆ ಬಣ್ಣದ್ದೋ ಎಂದು ಹೊಸದರಲ್ಲಿ ಕಣ್ಣಿಗೆ ತಿಳಿಯುವುದು ಕಷ್ಟ. ನಕಲಿ ರೇಕು ತೇವದ ಮನೆಯಲ್ಲಿ ಕ್ರಮೇಣ ಕಪ್ಪಾಗುತ್ತದೆ, ಕೆಲವೊಮ್ಮೆ ಹಸಿರು ಕಿಲುಬು ಹಿಡಿಯುತ್ತದೆ, ಚಿನ್ನ ಹಾಗಾಗುವುದಿಲ್ಲ. ಆದ್ದರಿಂದ ‘ಅಸಲಿ ಚಿನ್ನದ ರೇಕು’ ಎಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಅದೇ ಉತ್ತರ. ಇನ್ನೊಂದು ಮಾತು: ಇಂಥ ಚಿತ್ರಕ್ಕೆ ಫ್ರೇಮ್ ಹಾಕಿಸುವಾಗ ಗಾಜು ಉಬ್ಬುಗೆಲಸವನ್ನು ಮುಟ್ಟಬಾರದು. ಒಳಗೆ ಕಾಲಂಗುಲದ ಪಟ್ಟಿ ಕೊಟ್ಟು ಗಾಜನ್ನು ಎತ್ತಿ ಕೂರಿಸಬೇಕು. ಗಾಜು ತಾಗಿಸಿ ಬಿಗಿದರೆ ಮಳೆಗಾಲದಲ್ಲಿ ಬೆವರಿ ರೇಕು ಗಾಜಿಗೇ ಅಂಟಿಕೊಳ್ಳುತ್ತದೆ. ಧೂಳು ಹೊಡೆಯಲು ಒಣ ಮೆತ್ತನೆಯ ಕುಂಚ ಸಾಕು. ಒದ್ದೆ ಬಟ್ಟೆ ಮುಟ್ಟಿಸಿದರೆ ಚಿನ್ನ ಬಟ್ಟೆಗೆ.

ಶಿವಮೊಗ್ಗ ಜಿಲ್ಲೆಯ ಸಾಗರ ಕಡೆಯ ದೀವರ ಸಮುದಾಯದವರು ಬರೆಯುವ ಚಿತ್ತಾರ ಸಿಕ್ಕರೆ ಬಣ್ಣ ಯಾವುದೆಂದು ವಿಚಾರಿಸಿ. ಕೆಮ್ಮಣ್ಣು, ಅಕ್ಕಿಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಬೀಜದ ಹಳದಿಯಿಂದ ಪುಂಡಿ ನಾರಿನ ಕುಂಚದಲ್ಲಿ ಬರೆದದ್ದಾದರೆ ನೀರು ತಾಗಬಾರದು, ಗಾಜಿನ ಹಿಂದೆಯೇ ಇಡಬೇಕು. ಅಕ್ರಿಲಿಕ್‌ನಲ್ಲಿ ಬರೆದದ್ದಾದರೆ ಆ ಚಿಂತೆಯಿಲ್ಲ, ಬೆಲೆಯೂ ಅದಕ್ಕೆ ತಕ್ಕಂತಿರಬೇಕು. ತೊಗಲು ಗೊಂಬೆಯನ್ನು ಒಲೆ, ಬಿಸಿಲಿನ ಹತ್ತಿರ ತೂಗಿದರೆ ಸುರುಳಿಕೊಳ್ಳುತ್ತದೆ. ಒಡಿಶಾದ ತಾಳೆಗರಿ ಚಿತ್ರಗಳನ್ನು ಹೊಲಿಗೆಯಿದ್ದ ಕಡೆಯೇ ಮಡಿಚಬೇಕು, ಬೇರೆ ಕಡೆ ಅಲ್ಲ.

ಸ್ಥಳದಲ್ಲೇ ಮುಖ ಬರೆಸಿಕೊಳ್ಳುವವರು ಕುರ್ಚಿಯಲ್ಲಿ ಕೂರುವ ಮೊದಲೇ ಮೂರು ಮಾತು ಇತ್ಯರ್ಥ ಮಾಡಿಕೊಳ್ಳಿ: ಎಷ್ಟು ಮುಖ, ಯಾವ ಅಳತೆಯ ಹಾಳೆ, ಎಷ್ಟು ಹಣ. ಮಗು ತೊಡೆಯ ಮೇಲಿದ್ದರೆ ಅದೂ ಒಂದು ಮುಖವೇ. ಇದ್ದಿಲಿನಲ್ಲಿ ಬರೆದರೆ ಫಿಕ್ಸೆಟಿವ್ (ಇದ್ದಿಲ ಪುಡಿ ಉದುರದಂತೆ ಹಿಡಿದಿಡುವ ದ್ರವ) ಸಿಂಪಡಿಸಿಯೇ ಕೊಡಲು ಹೇಳಿ. ಇಲ್ಲದಿದ್ದರೆ ಮನೆ ಮುಟ್ಟುವಷ್ಟರಲ್ಲಿ ಮೂಗು ಕೆನ್ನೆಗೆ ಇಳಿದಿರುತ್ತದೆ.

ಚೌಕಾಸಿ ಮಾಡಬೇಕೆ? ಸಂತೆ ಎಂದ ಮೇಲೆ ಮಾಡಬಹುದು, ಆದರೆ ಲೆಕ್ಕ ತಿಳಿದು ಮಾಡಿ. ಹೊರರಾಜ್ಯದಿಂದ ಬಂದವರ ಬೆಲೆಯಲ್ಲಿ ಕ್ಯಾನ್ವಾಸ್, ಬಣ್ಣದ ಜೊತೆಗೆ ರೈಲು, ಸಾಮಾನು ಸಾಗಣೆ, ಎರಡು ರಾತ್ರಿಯ ವಸತಿ ಸೇರಿರುತ್ತದೆ. ಒಬ್ಬರ ಬಳಿ ಎರಡು ಮೂರು ಚಿತ್ರ ತೆಗೆದುಕೊಂಡು ಸ್ವಲ್ಪ ಬಿಡಿ ಎಂದರೆ ಸಂತೋಷದಿಂದ ಬಿಡುತ್ತಾರೆ. ಸಂಜೆ ಆರರ ಮೇಲೆ ದೊಡ್ಡ ಕ್ಯಾನ್ವಾಸುಗಳ ಬೆಲೆ ತಾನಾಗಿ ಇಳಿಯುತ್ತದೆ, ಹೊತ್ತು ವಾಪಸ್ ಒಯ್ಯುವ ಖರ್ಚು ಉಳಿಯುತ್ತದಲ್ಲ; ಆದರೆ ಅಷ್ಟು ಹೊತ್ತಿಗೆ ನಿಮಗೆ ಬೇಕಾದ್ದು ಹೋಗಿರಬಹುದು. ಕೈಯಿಂದ ಬರೆದ ಮುನ್ನೂರು ರೂಪಾಯಿಯ ಚಿತ್ರಕ್ಕೆ ‘ಎರಡು ನೂರಕ್ಕೆ ಕೊಡ್ತೀರಾ’ ಎನ್ನುವುದು ಮಾತ್ರ ಬೇಡ. ಚಿತ್ರದ ಬೆಲೆಯಲ್ಲಿ ಐನೂರು ಕಡಿಸಿ ಬಂದವರೇ ಅದಕ್ಕೆ ಎರಡು ಸಾವಿರದ ಚಿನ್ನದ ಬಣ್ಣದ ಫ್ರೇಮ್ ಆರಿಸುವುದನ್ನು ನೋಡಿದಾಗ ಏನು ಹೇಳಬೇಕೋ ತಿಳಿಯುವುದಿಲ್ಲ.

ಹಣ ಕೊಟ್ಟ ಮೇಲೆ ಒಂದು ಚೀಟಿ ಬರೆಸಿಕೊಳ್ಳಿ. ಕಲಾವಿದರ ಹೆಸರು, ಊರು, ಚಿತ್ರದ ಹೆಸರು, ಮಾಧ್ಯಮ (ಅಕ್ರಿಲಿಕ್ಕೋ ತೈಲವೋ, ಕ್ಯಾನ್ವಾಸೋ ಕಾಗದವೋ), ಅಳತೆ, ವರ್ಷ, ಕೊಟ್ಟ ಹಣ, ಸಹಿ. ಇದು ಬರೀ ರಸೀದಿಯಲ್ಲ. ಮುಂದೆ ಚಿತ್ರಕ್ಕೆ ಏನಾದರೂ ಆದರೆ ಯಾವ ಬಣ್ಣ, ಯಾವ ವಾರ್ನಿಷ್ ಎಂದು ತಿಳಿಯದೆ ಯಾರೂ ಸರಿಪಡಿಸಲಾರರು. ಜೊತೆಗೆ ಇನ್ನೊಂದು ತಿಳಿದಿರಲಿ: 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಮಳಿಗೆಯಲ್ಲಿ ಚಿತ್ರ ಕೊಂಡಾಕ್ಷಣ ಅದರ ಹಕ್ಕುಸ್ವಾಮ್ಯ ನಿಮ್ಮದಾಗುವುದಿಲ್ಲ. ಗೋಡೆಗೆ ಹಾಕಿ, ಉಡುಗೊರೆ ಕೊಡಿ, ಬೇರೆಯವರಿಗೆ ಮಾರಿ. ಕ್ಯಾಲೆಂಡರಿಗೆ, ಕಂಪನಿಯ ಶುಭಾಶಯ ಪತ್ರಕ್ಕೆ ಅಚ್ಚು ಹಾಕಿಸಲು ಲಿಖಿತ ಒಪ್ಪಿಗೆ ಬೇಕು. ಕೊಳ್ಳದೆ ಬರೀ ಫೋಟೊ ಹೊಡೆದುಕೊಂಡು ಹೋಗಿ ಫ್ಲೆಕ್ಸ್ ಅಂಗಡಿಯಲ್ಲಿ ಕ್ಯಾನ್ವಾಸ್ ಮೇಲೆ ಪ್ರಿಂಟ್ ಹಾಕಿಸಿ ತೂಗುಹಾಕುವವರೂ ಇದ್ದಾರೆ. ಕೆಲವು ಮಳಿಗೆಗಳಲ್ಲಿ ‘ಫೋಟೊ ತೆಗೆಯಬೇಡಿ’ ಎಂದು ಬರೆದಿರುವುದು ಅವರಿಂದಾಗಿಯೇ, ಸಿಡುಕಿನಿಂದಲ್ಲ.

ಈಗ ಹೊರುವ ಕೆಲಸ. ಚೌಕಟ್ಟಿಗೆ ಬಿಗಿದ ಕ್ಯಾನ್ವಾಸನ್ನು ಮುಖಕ್ಕೆ ಬಟರ್ ಪೇಪರ್ ಹೊದಿಸಿ, ಅದರ ಮೇಲೆ ರಟ್ಟು ಕೊಟ್ಟು, ಆಮೇಲೆ ಬಬಲ್ ಶೀಟು ಸುತ್ತಬೇಕು. ಬಬಲ್ ಶೀಟಿನ ಗುಳ್ಳೆಗಳು ಹೊರಮುಖವಾಗಿರಲಿ. ಗುಳ್ಳೆ ಒಳಮುಖವಾಗಿ ಅಕ್ರಿಲಿಕ್ ಮೇಲೆ ನೇರ ಒತ್ತಿದರೆ, ಬಿಸಿಲಿಗೆ ಮೆತ್ತಗಾಗುವ ಆ ಬಣ್ಣದ ಮೇಲೆ ಸಾಲುಸಾಲು ಉಂಗುರ ಮೂಡುತ್ತದೆ, ಮತ್ತೆ ಹೋಗುವುದಿಲ್ಲ. ಅದೇ ಕಾರಣಕ್ಕೆ ಮುಚ್ಚಿದ ಕಾರಿನಲ್ಲಿ ಚಿತ್ರ ಬಿಟ್ಟು ಊಟಕ್ಕೆ ಹೋಗಬೇಡಿ. ಎರಡು ಅಕ್ರಿಲಿಕ್ ಚಿತ್ರಗಳನ್ನು ಮುಖಕ್ಕೆ ಮುಖ ಇಟ್ಟು ಕಟ್ಟಿದರೆ ಒಂದರ ಬಣ್ಣ ಇನ್ನೊಂದಕ್ಕೆ ಅಂಟಿ ಕಿತ್ತು ಬರುತ್ತದೆ; ಬೆನ್ನಿಗೆ ಬೆನ್ನು ಇಡಿ. ಹಿಡಿಯುವಾಗ ಬೆರಳು ಚೌಕಟ್ಟಿಗೂ ಬಟ್ಟೆಗೂ ನಡುವೆ ತೂರಿಸಬೇಡಿ. ಒಳಗಿನಿಂದ ಒತ್ತಿದ ಬೆರಳಿನ ಉಬ್ಬು ಮುಂದೆ ವೃತ್ತಾಕಾರದ ಬಿರುಕಾಗಿ ಕಾಣಿಸಿಕೊಳ್ಳುತ್ತದೆ.

ಸುತ್ತಿಕೊಡುವ ಕ್ಯಾನ್ವಾಸ್ ಆದರೆ ಎರಡು ಸಂಗತಿ. ಒಂದು, ಚಿತ್ರದ ಸುತ್ತ ಒಂದೂವರೆಯಿಂದ ಎರಡು ಅಂಗುಲ ಖಾಲಿ ಬಟ್ಟೆ ಇರಬೇಕು. ಅದಿಲ್ಲದೆ ಅಂಚಿಗೆ ಸರಿಯಾಗಿ ಕತ್ತರಿಸಿದ್ದರೆ ಚೌಕಟ್ಟಿಗೆ ಮಡಿಚಿ ಬಿಗಿಯುವಾಗ ಚಿತ್ರದ ಅಂಚೇ ಹಿಂದಕ್ಕೆ ಹೋಗುತ್ತದೆ, ಹಲವು ಬಾರಿ ಸಹಿ ಸಮೇತ. ಎರಡು, ಸುತ್ತುವಾಗ ಬಣ್ಣದ ಮುಖ ಹೊರಗಿರಬೇಕು. ಕೇಳಲು ವಿಚಿತ್ರ ಅನ್ನಿಸುತ್ತದೆ, ಚಿತ್ರ ಒಳಗಿದ್ದರಲ್ಲವೇ ಕ್ಷೇಮ ಎಂದು ಎಲ್ಲರೂ ಒಳಗೇ ಸುತ್ತುತ್ತಾರೆ. ಆದರೆ ಒಳಗೆ ಸುತ್ತಿದಾಗ ಬಣ್ಣದ ಪದರ ಕುಗ್ಗಿ, ಒತ್ತಿ, ಸುಕ್ಕುಗಟ್ಟಿ ಎದ್ದು ಬರುತ್ತದೆ. ಹೊರಗೆ ಸುತ್ತಿದಾಗ ತುಸು ಹಿಗ್ಗುತ್ತದೆ, ಬಿಚ್ಚಿ ಹಾಸಿದೊಡನೆ ಮತ್ತೆ ಕೂಡಿಕೊಳ್ಳುತ್ತದೆ. ಸುತ್ತುವ ಕೊಳವೆಯ ಅಡ್ಡಳತೆ ನಾಲ್ಕಂಗುಲಕ್ಕಿಂತ ಸಣ್ಣದಿರಬಾರದು. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ನಾಲ್ಕಂಗುಲದ ಪಿವಿಸಿ ಪೈಪಿನ ತುಂಡು ಇದಕ್ಕೆ ಹೇಳಿ ಮಾಡಿಸಿದ್ದು. ಅದರ ಹೊರಮೈಗೆ ಸುತ್ತಿ, ಮೇಲೆ ಬಟರ್ ಪೇಪರ್ ಹೊದಿಸಿ, ಅಗಲ ರಿಬ್ಬನ್ನಿನಿಂದ ಸಡಿಲವಾಗಿ ಕಟ್ಟಿ. ರಬ್ಬರ್ ಬ್ಯಾಂಡ್ ಬೇಡ. ಚಾಕುವಿನಿಂದ ದಪ್ಪಗೆ ಮೆತ್ತಿದ ಚಿತ್ರವನ್ನು ಸುತ್ತಲೇಬಾರದು.

ಜಲವರ್ಣ, ರೇಖಾಚಿತ್ರಗಳನ್ನು ತಂದ ಎರಡು ರಟ್ಟಿನ ನಡುವೆ ಬಟರ್ ಪೇಪರ್ ಜೊತೆ ಚಪ್ಪಟೆಯಾಗಿಟ್ಟು ರಿಬ್ಬನ್ ಕಟ್ಟಿ. ದೊಡ್ಡ ಕ್ಯಾನ್ವಾಸನ್ನು ಸ್ಕೂಟರಿನಲ್ಲಿ ಹಿಂದೆ ಕೂತವರ ಕೈಗೆ ಕೊಟ್ಟು ಹೊರಡಬೇಡಿ. ಗಾಳಿಗೆ ಅದು ಹಾಯಿಯಾಗುತ್ತದೆ, ಹಿಡಿದವರ ಮೊಣಕಾಲು ಬಟ್ಟೆಗೆ ಒತ್ತುತ್ತದೆ. ಮೆಟ್ರೊದಲ್ಲೂ ಸಾಮಾನು ತಪಾಸಣೆಯ ಯಂತ್ರಕ್ಕೆ ಅದು ಹಿಡಿಸುವುದಿಲ್ಲ. ಬರುವಾಗ ಮೆಟ್ರೊ, ಹೋಗುವಾಗ ಆಟೊ ಎಂದು ಮೊದಲೇ ಅಂದುಕೊಳ್ಳಿ. ಆಟೊಗೆ ಮುಚ್ಚಿದ ರಸ್ತೆಯ ಹೊರಗೆ ಸ್ವಲ್ಪ ದೂರ ನಡೆಯಬೇಕಾಗುತ್ತದೆ.

ಮನೆಗೆ ಬಂದ ದಿನವೇ ಎಲ್ಲ ಬಿಚ್ಚಿ. ಸುತ್ತಿದ್ದನ್ನು ಶುಭ್ರ ಬಟ್ಟೆಯ ಮೇಲೆ ಹಾಸಿ ಒಂದೆರಡು ದಿನ ಬಿಡಿ. ಬೀರುವಿನ ಹಿಂದೆ ನಿಲ್ಲಿಸಿಟ್ಟು ಯುಗಾದಿಗೆ ನೆನಪಾಗಿ ತೆಗೆದರೆ ಅದು ಕೊಳವೆಯ ಆಕಾರವನ್ನೇ ಕಲಿತಿರುತ್ತದೆ.

ಕಾಗದದ ಚಿತ್ರಕ್ಕೆ ಕಟ್ಟು ಹಾಕಿಸುವಾಗ ನಡೆಯುವ ಮೂರು ತಪ್ಪುಗಳಿಗೆ ಮದ್ದಿಲ್ಲ. ಲ್ಯಾಮಿನೇಷನ್ ಮಾಡಿಸುವುದು, ಫೆವಿಕಾಲ್ ಹಾಕಿ ಪ್ಲೈವುಡ್‌ಗೆ ಅಂಟಿಸುವುದು, ಬೆನ್ನಿಗೆ ಸೆಲ್ಲೊಟೇಪ್ ಹಚ್ಚುವುದು. ಮೊದಲ ಎರಡರಿಂದ ಚಿತ್ರವನ್ನು ಮತ್ತೆಂದೂ ಬಿಡಿಸಲಾಗದು. ಮೂರನೆಯದು ಕಂದು ಕಲೆಯಾಗಿ ಮುಂದಕ್ಕೆ ಇಣುಕುತ್ತದೆ. ಚಿತ್ರವನ್ನು ಮೇಲಿನ ಅಂಚಿನಲ್ಲಿ ಮಾತ್ರ, ಎರಡು ತೆಳು ಕಾಗದದ ಪಟ್ಟಿ ಮತ್ತು ಗೋಧಿ ಪಿಷ್ಟದ ಗಂಜಿಯಿಂದ ತೂಗುಬಿಡಬೇಕು. ಮಳೆಗಾಲದಲ್ಲಿ ಕಾಗದ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ನಾಲ್ಕೂ ಕಡೆ ಅಂಟಿಸಿದರೆ ಅಲೆಯಲೆಯಾಗಿ ಏಳುತ್ತದೆ. ಮೌಂಟ್ ಬೋರ್ಡ್ (ಚಿತ್ರದ ಸುತ್ತ ಕಿಟಕಿಯಂತೆ ಕತ್ತರಿಸಿ ಕೂರಿಸುವ ದಪ್ಪ ರಟ್ಟು) ಇರುವುದು ಅಂದಕ್ಕೆ ಮಾತ್ರವಲ್ಲ, ಗಾಜು ಕಾಗದವನ್ನು ಮುಟ್ಟದಿರಲಿ ಎಂದು. ಆಮ್ಲರಹಿತ ಬೋರ್ಡ್ ಕೇಳಿ. ಹಿಂದೆ ನೇರವಾಗಿ ಹಾರ್ಡ್‌ಬೋರ್ಡ್ ಕೊಟ್ಟರೆ ಅದರ ಕಂದು ಬಣ್ಣ ಚಿತ್ರಕ್ಕೆ ಇಳಿಯುತ್ತದೆ. ನಡುವೆ ಒಂದು ಆಮ್ಲರಹಿತ ಹಾಳೆ ಬೇಕು.

ಫ್ರೇಮಿನ ಬಿಲ್ಲು ಅಡಿ ಲೆಕ್ಕದ್ದು. ಅದನ್ನು ನೀವೇ ತಾಳೆ ನೋಡಬಹುದು. ಚಿತ್ರ 18 ಅಂಗುಲಕ್ಕೆ 24 ಎನ್ನೋಣ. ಸುತ್ತ ಎರಡೂವರೆ ಅಂಗುಲ ಮೌಂಟ್ ಕೊಟ್ಟರೆ 23ಕ್ಕೆ 29. ನಾಲ್ಕೂ ಬದಿ ಸೇರಿ 104 ಅಂಗುಲ. ಮೂಲೆಯನ್ನು ಓರೆಯಾಗಿ ಕತ್ತರಿಸಲು ಪಟ್ಟಿಯ ಅಗಲದ ಎಂಟು ಪಟ್ಟು ಹೆಚ್ಚು ಬೇಕು. ಪಟ್ಟಿ ಒಂದೂವರೆ ಅಂಗುಲವಾದರೆ ಅದು 12. ಒಟ್ಟು 116 ಅಂಗುಲ, ಅಂದರೆ ಒಂಬತ್ತಡಿ ಎಂಟಂಗುಲ. ಹತ್ತಡಿ ಹಾಕಿದರೆ ನ್ಯಾಯ, ಹದಿಮೂರಡಿ ಹಾಕಿದರೆ ಯಾಕೆಂದು ಕೇಳಿ.

ತೂಗುವಾಗ ಚಿತ್ರದ ನಡುಭಾಗ ನೆಲದಿಂದ 57ರಿಂದ 60 ಅಂಗುಲ ಎತ್ತರಕ್ಕೆ ಬರಲಿ. ನಮ್ಮ ಮನೆಗಳಲ್ಲಿ ದೇವರ ಪಟದ ಅಭ್ಯಾಸಕ್ಕೆ ಎಲ್ಲವನ್ನೂ ಬಾಗಿಲ ನೆತ್ತಿಗೇ ಹೊಡೆಯುತ್ತೇವೆ. ಬಚ್ಚಲುಮನೆಗೆ ಅಂಟಿದ ಗೋಡೆ, ಮಳೆ ಬಡಿಯುವ ಹೊರಗೋಡೆ ಬೇಡ. ಕೆಳಗಿನ ಎರಡು ಮೂಲೆಗೆ ಬೆಣೆಯ ಚೂರು ಅಂಟಿಸಿದರೆ ಹಿಂದೆ ಗಾಳಿಯಾಡಿ ಬೂಷ್ಟು ಹಿಡಿಯುವುದಿಲ್ಲ.

ಇನ್ನು ಸಂತೆ ನಡೆಸುವವರಲ್ಲಿ ಕೆಲವು ಕೋರಿಕೆ. ನೂರು ಮಾರಿಗೊಂದು ಪ್ಯಾಕಿಂಗ್ ಮೇಜು ಇಡಿ. ಬಟರ್ ಪೇಪರ್, ರಟ್ಟು, ನಾಲ್ಕಂಗುಲದ ಕೊಳವೆ, ಕಟ್ಟಲು ಗೊತ್ತಿರುವ ಇಬ್ಬರು ಸಾಕು. ಹಣ ತೆಗೆದುಕೊಳ್ಳಿ, ಜನ ಕೊಡುತ್ತಾರೆ. ಚೀಟಿಯ ಮಾದರಿಯನ್ನು ಅಚ್ಚು ಹಾಕಿಸಿ ಪ್ರತಿ ಮಳಿಗೆಗೂ ಒಂದು ಪುಸ್ತಕ ಕೊಡಿ. ಬಜ್ಜಿ, ಜೋಳದ ಗಾಡಿಗಳನ್ನು ಮಳಿಗೆಗಳ ನಡುವೆ ಬಿಡದೆ ಒಂದು ತುದಿಗೆ ನಿಲ್ಲಿಸಿ. ಎಣ್ಣೆಯ ಹೊಗೆ, ಇದ್ದಿಲಿನ ಕಿಡಿ ತೆರೆದಿಟ್ಟ ಕಾಗದಕ್ಕೆ ಆಗದು. ಮಧ್ಯಾಹ್ನ ಮರದ ನೆರಳಿಲ್ಲದ ಕಡೆ ಕೂತ ಕಲಾವಿದರಿಗೆ ಮೇಲೆ ಬಿಳಿ ಬಟ್ಟೆ ಕಟ್ಟಿಕೊಡಿ. ನೀಲಿ ಟಾರ್ಪಾಲ್ ಬೇಡ, ಅದರ ಕೆಳಗೆ ಎಲ್ಲ ಚಿತ್ರವೂ ನೀಲಿ. ಶೌಚಾಲಯ ಎಲ್ಲಿದೆ ಎಂಬ ಫಲಕ ತಲೆಯ ಮೇಲೆ ಕಾಣುವಷ್ಟು ಎತ್ತರದಲ್ಲಿರಲಿ, ಎದೆಮಟ್ಟದ್ದು ಗುಂಪಿನಲ್ಲಿ ಕಾಣುವುದಿಲ್ಲ. 2020ರ ನವೆಂಬರ್‌ನಿಂದ ಕೆಲ ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟನ್ನು ವಾಹನಮುಕ್ತ ಮಾಡಿದ್ದರು. ಹಾಗೆ ತಿಂಗಳಿಗೊಮ್ಮೆ ಬೇರೆ ಬೇರೆ ಬಡಾವಣೆಗಳ ಒಂದೊಂದು ಬೀದಿಯಲ್ಲಿ ಐವತ್ತು ಮಳಿಗೆಯ ಪುಟ್ಟ ಸಂತೆ ಆದರೆ ಜನವರಿಯ ಈ ಒಂದು ದಿನದ ನೂಕುನುಗ್ಗಲೂ ಇಳಿಯುತ್ತದೆ.

ಅಲ್ಲಿಯವರೆಗೆ, ನೋಡುವ ಕಣ್ಣು ಪಳಗಿಸಿಕೊಳ್ಳಲು ಸಂತೆಗೇ ಕಾಯಬೇಕಿಲ್ಲ. ಪರಿಷತ್ತಿನ ಗ್ಯಾಲರಿಗಳು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯಲ್ಲಿ 2009ರಿಂದ ಇರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ, ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ (ಮ್ಯೂಸಿಯಂ ಆಫ್ ಆರ್ಟ್ ಅಂಡ್ ಫೋಟೊಗ್ರಫಿ) ಸಂಗ್ರಹಾಲಯ, ಎಂ.ಜಿ. ರಸ್ತೆ ಮೆಟ್ರೊ ಕೆಳಗಿನ ರಂಗೋಲಿ ಕಲಾ ಕೇಂದ್ರ ಇವೆಲ್ಲ ವರ್ಷವಿಡೀ ಇವೆ. ಹೊರಡುವ ಮೊದಲು ವಾರದ ರಜೆ ಯಾವತ್ತೆಂದು ನೋಡಿಕೊಳ್ಳಿ. ಖಾಸಗಿ ಗ್ಯಾಲರಿಗಳ ಪ್ರದರ್ಶನಕ್ಕೆ ಸಾಮಾನ್ಯವಾಗಿ ಟಿಕೆಟ್ ಇರುವುದಿಲ್ಲ, ಕೊಳ್ಳಲೇಬೇಕೆಂದೂ ಇಲ್ಲ. ಬೆಲೆಪಟ್ಟಿ ಮೇಜಿನ ಮೇಲಿರುತ್ತದೆ, ಕೇಳಿದರೆ ತಪ್ಪು ತಿಳಿಯುವುದಿಲ್ಲ. ಚಿತ್ರದ ಪಕ್ಕ ಕೆಂಪು ಚುಕ್ಕೆ ಇದ್ದರೆ ಮಾರಾಟವಾಗಿದೆ ಎಂದರ್ಥ.

ಕೊನೆಯದಾಗಿ, ಕಟ್ಟು ಹಾಕಿಸಲು ಬರುವಾಗ ಚಿತ್ರದ ಜೊತೆ ಕಲಾವಿದರು ಬರೆದುಕೊಟ್ಟ ಆ ಚೀಟಿಯನ್ನೂ ತನ್ನಿ. ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟು ಫ್ರೇಮಿನ ಬೆನ್ನಿಗೆ ಅಂಟಿಸಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಇಂತಿ,
ಚಿತ್ರಗಳಿಗೆ ಕಟ್ಟು ಹಾಕುವವರೊಬ್ಬರು
ಬೆಂಗಳೂರು